ಚಾವಡಿಯ ರೇಡಿಯೋ, ಅಂಗೈಯ ಸ್ಪೀಕರ್

ಮೊನ್ನೆ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವಾಗ, ಬಸ್ಸಿನಲ್ಲಿ ಹುಡುಗನೊಬ್ಬ ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು ಹಾಕಿದ್ದ. ನಮಗೆ ಅಜ್ಜನ ಟ್ರಾನ್ಸಿಸ್ಟರ್ ನೆನಪಾಯಿತು.

1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದಾಗ, ರೇಡಿಯೋ ಎಂದರೆ ವಾಲ್ವುಗಳಿದ್ದ ದೊಡ್ಡ ಪೆಟ್ಟಿಗೆ. ವಾಲ್ವು ಬಿಸಿಯಾಗದೆ ಅದು ಮಾತಾಡುತ್ತಿರಲಿಲ್ಲ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಅಲ್ಲಿ ಕಿಸೆ ರೇಡಿಯೋ ಮಾರಾಟಕ್ಕೆ ಬಂತು. ಸೆಲ್ಲು ಹಾಕಿದರೆ ಸಾಕು, ಕರೆಂಟಿಲ್ಲದ ಮನೆಗೂ ರೇಡಿಯೋ ಬರುವಂತಾಯಿತು.

1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಅಲೆಗಳನ್ನು ಯಾವ ಗೇಟೂ ತಡೆಯಲಿಲ್ಲ. ನಾವು ಚಿಕ್ಕವರಿದ್ದಾಗ ಅಡಿಕೆ ಸುಲಿಯುವ ಚಾವಡಿಗೆಲ್ಲ ಒಂದೇ ರೇಡಿಯೋ. ವಾರ್ತೆ, ಯಕ್ಷಗಾನ ಎಲ್ಲರ ಕಿವಿಗೂ ಬೀಳುತ್ತಿತ್ತು. ಪಾಠ ಮಾಡದೆಯೇ ಕನ್ನಡ ಬರುತ್ತಿತ್ತು.

ಬ್ಲೂಟೂತ್ ಕೆಲಸ 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ ಶುರುವಾಯಿತು. ಹೆಸರು ಮಾತ್ರ 10ನೆಯ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡನದು. ‘ನೀಲಿ ಹಲ್ಲು’ ಎಂಬುದು ಅವನ ಅಡ್ಡಹೆಸರು. ಸಾಮಾನ್ಯ ಸ್ಪೀಕರಿಗೆ ಫೋನು ಸುಮಾರು 10 ಮೀಟರ್ ಒಳಗಿರಬೇಕು.

ಈ ಸ್ಪೀಕರಿಗೆ ಸ್ವಂತ ಭಾಷೆಯಿಲ್ಲ, ಫೋನು ಕೊಟ್ಟದ್ದನ್ನೇ ಆಡುತ್ತದೆ. ಅಂದು ಕನ್ನಡವನ್ನು ನಿಲಯ ಆರಿಸಿ ಕೊಡುತ್ತಿತ್ತು, ಇಂದು ಮನೆಯವರೇ ಆರಿಸಬೇಕು. ಶಾಲೆಯಲ್ಲಿ ನಾವು ಕಲಿಸುವ ಕನ್ನಡ ಮನೆಯಲ್ಲಿ ಕೇಳಿಸದಿದ್ದರೆ ಮಕ್ಕಳ ಬಾಯಲ್ಲಿ ಎಷ್ಟು ದಿನ ಉಳಿದೀತು? ನಮ್ಮ ಮನೆಯಲ್ಲಂತೂ ಸಂಜೆ ಸ್ಪೀಕರನ್ನು ಚಾವಡಿಯಲ್ಲೇ ಇಡುತ್ತೇವೆ, ತಾಳಮದ್ದಳೆ ಹಾಕುತ್ತೇವೆ. ನೀವೂ ಒಮ್ಮೆ ಹಾಕಿ ನೋಡಿ.