ಪೊರೆ ಕಳಚಿದ ಟರಾಂಟುಲಾ: ಆರೈಕೆಯ ಇತಿಹಾಸ

ಮೈತುಂಬ ರೋಮವಿರುವ ಟರಾಂಟುಲಾ ಜೇಡಗಳನ್ನು ಸೆರೆಯಲ್ಲಿಟ್ಟು ವರ್ಷಗಟ್ಟಲೆ ಅಭ್ಯಸಿಸುವ ಪದ್ಧತಿಗೆ ಬುನಾದಿ ಹಾಕಿದವರಲ್ಲಿ ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ವಿಲಿಯಂ ಬೇರ್ಗ್ ಪ್ರಮುಖರು. ಹೆಣ್ಣು ಜೇಡ ಪ್ರಾಯಕ್ಕೆ ಬರಲು ಸುಮಾರು 10 ವರ್ಷ ಬೇಕೆಂಬುದನ್ನೂ, ಆ ಬಳಿಕವೂ ಅದು ಪೊರೆ ಕಳಚುತ್ತಲೇ ಬದುಕುವುದೆಂಬುದನ್ನೂ ತಾಳ್ಮೆಯಿಂದ ಗುರುತಿಸಿದ ಅವರು, 1958ರಲ್ಲಿ ‘ದಿ ಟರಾಂಟುಲಾ’ ಎಂಬ ಗ್ರಂಥವನ್ನು ಪ್ರಕಟಿಸಿದರು.

ಪೊರೆ ಕಳಚುವುದೆಂದರೆ ಹಳೆಯ ಹೊರಕವಚವನ್ನು ತೊರೆದು ಹೊಸದನ್ನು ತಳೆಯುವುದು. ಆಗ ಬೆನ್ನ ಮೇಲೆ ಮಲಗುವ ಜೇಡ ಸತ್ತಿದೆಯೆಂದು ಭಾವಿಸಿ ಅದನ್ನು ಅಲುಗಾಡಿಸಿದರೆ ಮೆದುವಾದ ಮೈಗೆ ಗಾಯವಾಗಬಹುದು. 1959ರಲ್ಲಿ ಪ್ಯಾರಿ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು, ಜೇಡದ ಕಾಲಿನ ಮುಖ್ಯ ಕೀಲುಗಳು ಸ್ನಾಯುಗಳಿಂದಲ್ಲದೆ ದೇಹದ್ರವದ ಒತ್ತಡದಿಂದ ಚಾಚಿಕೊಳ್ಳುತ್ತವೆಂಬುದನ್ನು ವಿವರಿಸಿದರು. ಪೊರೆ ಕಳಚಿ ಬಳಲಿದ ಜೇಡ ಕಾಲುಗಳನ್ನು ಮೈಯಡಿಗೆ ಮುದುರಿಕೊಂಡರೆ ನೀರಿನ ಕೊರತೆಯನ್ನು ಮೊದಲು ಶಂಕಿಸಬೇಕೆಂಬ ಸಾಕಣೆದಾರರ ಅನುಭವಕ್ಕೆ ಈ ತತ್ತ್ವವೇ ಆಧಾರ.

ಹೀಗಾಗಿ ಆಳವಿಲ್ಲದ ತಟ್ಟೆಯಲ್ಲಿ ನೀರಿಡುವುದು, ಬಿಳಿಯಾಗಿರುವ ವಿಷದಂತಗಳು ಕಪ್ಪಾಗಿ ಗಟ್ಟಿಯಾಗುವವರೆಗೆ ಆಹಾರ ಕೊಡದಿರುವುದು ಮತ್ತು ಜೀವಂತ ಮಿಡತೆಗಳನ್ನು ಗೂಡಿನಿಂದ ತೆಗೆದಿಡುವುದು ಆರೈಕೆಯ ಮೂಲ ನಿಯಮಗಳಾದವು.

ಹವ್ಯಾಸ ಹಬ್ಬಿದಂತೆ ಮೆಕ್ಸಿಕೋದ ಕೆಂಪುಮಂಡಿ ಟರಾಂಟುಲಾಗಳು ಕಾಡಿನಿಂದ ಅಪಾರವಾಗಿ ಸಾಗಣೆಯಾದುದರಿಂದ, 1985ರಲ್ಲಿ ಅವುಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ತರಲಾಯಿತು. ದಶಕಗಳ ಕಾಲ ಬದುಕಬಲ್ಲ ಈ ಜೀವಿಯನ್ನು ಸಾಕುವವರು ಅದರ ದೇಹಧರ್ಮವನ್ನು ಅರಿತಿರಲೇಬೇಕೆಂಬುದು ಈ ಇತಿಹಾಸದ ಮುಖ್ಯ ಪಾಠ.