ಕಿಟಕಿ ಸೀಟಿನ ಪೂರ್ವಚರಿತ್ರೆ

ವಿಮಾನದಲ್ಲಿ ಒಳ್ಳೆಯ ನೋಟ ಸಿಗುವ ಸೀಟನ್ನು ಲೆಕ್ಕ ಹಾಕಿ ಹಿಡಿಯಬೇಕಾದ ಸ್ಥಿತಿ ಒದಗಿದ್ದು ವಿಮಾನಗಳು ಬಹಳ ಎತ್ತರಕ್ಕೇರಿದ ಮೇಲೆಯೇ. 1930ರ ದಶಕದಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ನಡೆಸುತ್ತಿದ್ದ ವಿಮಾನಗಳ ಒಳಗೂ ಹೊರಗೂ ಗಾಳಿಯ ಒತ್ತಡ ಒಂದೇ ಆಗಿದ್ದುದರಿಂದ, ಪ್ರಯಾಣಿಕರ ಉಸಿರಾಟಕ್ಕೆ ತೊಡಕಾಗದಷ್ಟು ತಗ್ಗಿನಲ್ಲಿಯೇ ಅವು ಹಾರಬೇಕಾಗಿತ್ತು. ಅದೇ ಸಂಸ್ಥೆ 1936ರಲ್ಲಿ ಬಳಕೆಗೆ ತಂದ ‘ಎಂಪೈರ್’ ಮಾದರಿಯ ಹಾರುದೋಣಿಗಳು, ಅಂದರೆ ನೀರಿನ ಮೇಲಿಂದಲೇ ಏರಿ ನೀರಿನ ಮೇಲೆಯೇ ಇಳಿಯುವ ವಿಮಾನಗಳು, ಮುಂದೆ ಕರಾಚಿ, ಇಂದಿನ ರಾಜಸ್ಥಾನದ ರಾಜಸಮಂದ್ ಕೆರೆ, ಗ್ವಾಲಿಯರ್, ಅಲಹಾಬಾದುಗಳ ಮಾರ್ಗವಾಗಿ ಕಲ್ಕತ್ತಕ್ಕೆ ಬರತೊಡಗಿದವು. ಅವುಗಳಲ್ಲಿ ಪ್ರಯಾಣಿಕರು ಎದ್ದು ಬಂದು, ಕಿಟಕಿಯ ಬಳಿಯ ಕಂಬಿಗೆ ಮೊಳಕೈಯೂರಿ ನಿಂತು ನೋಡುವುದಕ್ಕೆಂದೇ ಪ್ರತ್ಯೇಕ ಅಂಕಣವಿತ್ತು.

ಜೆಟ್ ಯುಗ ಈ ಅನುಕೂಲವನ್ನು ಕಸಿದುಕೊಂಡಿತು. ಹತ್ತು ಕಿಲೋಮೀಟರಿಗೂ ಮೇಲೆ ಹಾರುವ ವಿಮಾನದೊಳಗೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ಗಾಳಿಯನ್ನು ತುಂಬಿಡಬೇಕಾಗುವುದರಿಂದ, ಪ್ರತಿ ಹಾರಾಟದಲ್ಲಿಯೂ ಅದರ ಲೋಹದ ಒಡಲು ತುಸು ಉಬ್ಬಿ ಮತ್ತೆ ಕುಗ್ಗುತ್ತದೆ. 1952ರ ಮೇ 2ರಂದು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಹೊರಟು ಜೆಟ್ ಪ್ರಯಾಣಿಕ ಸೇವೆಯನ್ನು ಆರಂಭಿಸಿದ ‘ಕಾಮೆಟ್’ ಮಾದರಿಯ ಎರಡು ವಿಮಾನಗಳು 1954ರಲ್ಲಿ ಇಟಲಿಯ ಬಳಿಯ ಸಮುದ್ರದ ಮೇಲೆ ಛಿದ್ರಗೊಂಡಾಗ, ಬ್ರಿಟನ್ನಿನ ಫಾರ್ನ್‌ಬರೋದಲ್ಲಿನ ವಿಮಾನ ಸಂಶೋಧನಾ ಕೇಂದ್ರದ ತಜ್ಞರು ಇನ್ನೊಂದು ಕಾಮೆಟ್‌ನ ಒಡಲನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಕೊನೆಗೆ ಅದು ಚೌಕದಂತಿದ್ದ ತೆರವೊಂದರ ಮೂಲೆಯಿಂದ ಸೀಳಿತು. ಹೀಗೆ ಪದೇ ಪದೇ ಎಳೆತಕ್ಕೆ ಸಿಕ್ಕಿ ಲೋಹ ಬಿರುಕುಬಿಡುವುದನ್ನು ‘ಲೋಹದ ದಣಿವು’ ಎನ್ನುತ್ತಾರೆ. ಸೆಳೆತವೆಲ್ಲ ಮೂಲೆಗಳಲ್ಲಿ ಕೇಂದ್ರೀಕರಿಸುವುದರಿಂದ, ಮುಂದಿನ ಜೆಟ್ ವಿಮಾನಗಳ ಕಿಟಕಿಗಳಿಗೆ ದುಂಡನೆಯ ಅಂಚು ಕಾಯಂ ಆಯಿತು. ಈಗಿನ ಕಿಟಕಿಯಲ್ಲಿ ಸಾಮಾನ್ಯವಾಗಿ ಮೂರು ಪದರಗಳಿದ್ದು, ಹೊರಗಿನದು ಒತ್ತಡವನ್ನು ತಡೆದರೆ, ನಡುವಿನದರಲ್ಲಿರುವ ಸೂಜಿರಂಧ್ರ ಪದರಗಳ ನಡುವಣ ಒತ್ತಡವನ್ನು ಸಮಗೊಳಿಸಿ ಮಂಜು ಕಟ್ಟದಂತೆ ನೋಡಿಕೊಳ್ಳುತ್ತದೆ.

ನೋಟಕ್ಕೆ ಎರಡನೆಯ ತಡೆ ಬಂದದ್ದು ಸೀಟುಗಳ ಜೋಡಣೆಯಿಂದ. ಬೋಯಿಂಗ್ 737ರಲ್ಲಿ ಕಿಟಕಿಗಳು ಒಡಲಿನ ಪಕ್ಕೆಲುಬುಗಳಿಗೆ ಅನುಗುಣವಾಗಿ ಸುಮಾರು 51 ಸೆಂ.ಮೀ.ಗೆ ಒಂದರಂತೆ ನೆಲೆಗೊಂಡಿದ್ದರೆ, ನೆಲದ ಹಳಿಗಳ ಮೇಲೆ ಕೂರುವ ಸೀಟಿನ ಸಾಲುಗಳ ಅಂತರವನ್ನು ಆಯಾ ಸಂಸ್ಥೆ ತನಗೆ ಬೇಕಾದಂತೆ ಇಟ್ಟುಕೊಳ್ಳುತ್ತದೆ; ಒಂದೆರಡು ಕಡೆ ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹಾದುಹೋಗಿರುವುದರಿಂದ ಅಲ್ಲಿ ಕಿಟಕಿಯೇ ಇರುವುದಿಲ್ಲ. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787ರ ಒಡಲು ಇಂಗಾಲದ ನಾರಿನಿಂದಾದದ್ದಾದ್ದರಿಂದ ಸುಮಾರು 47 ಸೆಂ.ಮೀ. ಎತ್ತರದ ಕಿಟಕಿ ಸಾಧ್ಯವಾಯಿತಾದರೂ, ಸಾಲು ಮತ್ತು ಕಿಟಕಿಗಳ ಹೊಂದಾಣಿಕೆಯ ಪ್ರಶ್ನೆ ಹಾಗೆಯೇ ಉಳಿಯಿತು.

ಆದುದರಿಂದ ನೋಟ ಯಾವ ದಿಕ್ಕಿಗೆ ಬರುತ್ತದೆಂದು ತಿಳಿದರಷ್ಟೇ ಸಾಲದು. ದೆಹಲಿಯಿಂದ ಕಠ್ಮಂಡುವಿಗೆ ಹೋಗುವವರಿಗೆ ಹಿಮಾಲಯ ಎಡಗಡೆಗೆ ಬರುತ್ತದೆಯಾದರೂ, ರೆಕ್ಕೆಯ ಮೇಲಿನ ಸಾಲಿನಲ್ಲಿ ಕುಳಿತವರಿಗೆ ಕೆಳಗಿನ ಕಣಿವೆಗಳು ಮರೆಯಾಗುತ್ತವೆ, ರೆಕ್ಕೆಯ ಹಿಂದಿನವರಿಗೆ ಎಂಜಿನ್ನಿನ ಬಿಸಿಗಾಳಿಯಲ್ಲಿ ನೋಟ ಕದಡುತ್ತದೆ. ಟಿಕೆಟ್ಟಿನ ಮೇಲಿನ ‘ಎ’ ಅಕ್ಷರ ಸೀಟು ಗೋಡೆಯ ಪಕ್ಕದ್ದೆಂದು ಮಾತ್ರ ಖಾತರಿ ಕೊಡುತ್ತದೆ. ಆ ಗೋಡೆಯಲ್ಲಿ ಕಿಟಕಿ ಎಲ್ಲಿರಬೇಕೆಂಬುದನ್ನು ಎಂಜಿನಿಯರರು ಎಂದೋ ನಿರ್ಧರಿಸಿಯಾಗಿರುತ್ತದೆ.