ಸರ್ವರ್ ಅಡಚಣೆ: ಕಾರಣಗಳು, ನಿವಾರಣಾ ಕ್ರಮ ಮತ್ತು ಅರ್ಜಿದಾರರಿಗೆ ಮಾಹಿತಿ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಮುಂತಾದ ಸೇವೆಗಳಿಗಾಗಿ ಕಚೇರಿಗೆ ಬರುವ ಸಾರ್ವಜನಿಕರಿಗೆ ಕೆಲವೊಮ್ಮೆ 'ಸರ್ವರ್ ಇಲ್ಲ' ಎಂಬ ಉತ್ತರ ದೊರೆಯುತ್ತದೆ. ವಿದ್ಯಾರ್ಥಿವೇತನ ಅಥವಾ ಬೆಳೆ ವಿಮೆಯ ಕೊನೆಯ ದಿನಾಂಕ ಸಮೀಪಿಸಿರುವಾಗ ಒಂದು ದಿನದ ವಿಳಂಬವೂ ನಷ್ಟಕ್ಕೆ ಕಾರಣವಾಗಬಹುದು. ಸರ್ವರ್ ಅಡಚಣೆ ಏಕೆ ಉಂಟಾಗುತ್ತದೆ, ಅದನ್ನು ಹೇಗೆ ಸರಿಪಡಿಸಲಾಗುತ್ತದೆ ಹಾಗೂ ಅರ್ಜಿದಾರರು ಏನು ಮಾಡಬೇಕು ಎಂಬ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

1. ಸರ್ವರ್ ಎಂದರೇನು?

ಅನೇಕ ಗಣಕಯಂತ್ರಗಳಿಗೆ ಏಕಕಾಲದಲ್ಲಿ ಮಾಹಿತಿ ಒದಗಿಸುವ ಗಣಕಯಂತ್ರವನ್ನು ಸರ್ವರ್ ಎನ್ನುತ್ತಾರೆ. ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲಿ ಪಹಣಿ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇರುತ್ತಿತ್ತು. ಆಗ ಹೊಸದುರ್ಗದ ಯಂತ್ರ ಕೆಟ್ಟರೆ ಹೊಳಲ್ಕೆರೆಯ ಕೆಲಸ ನಿಲ್ಲುತ್ತಿರಲಿಲ್ಲ. ತರುವಾಯ ದತ್ತಾಂಶವನ್ನು ರಾಜ್ಯ ದತ್ತಾಂಶ ಕೇಂದ್ರದಲ್ಲಿ ಕ್ರೋಡೀಕರಿಸಲಾಯಿತು. ಇದರಿಂದ ಎಲ್ಲಿಂದಲಾದರೂ ಮಾಹಿತಿ ಪಡೆಯುವ ಅನುಕೂಲ ಒದಗಿತು. ಆದರೆ ಕೇಂದ್ರದಲ್ಲಿ ದೋಷವುಂಟಾದಲ್ಲಿ ಎಲ್ಲ ತಾಲ್ಲೂಕುಗಳಿಗೂ ತೊಂದರೆಯಾಗುತ್ತದೆ.

2. ಲಿನಕ್ಸ್ ಮತ್ತು ಅದರ ನಿರ್ವಾಹಕರು

ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಜಗತ್ತಿನಾದ್ಯಂತ ಸರ್ವರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾಗಿದೆ. ಸರ್ಕಾರಿ ಯೋಜನೆಗಳಲ್ಲಿ ಮುಕ್ತ ತಂತ್ರಾಂಶಗಳಿಗೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರವು 2015ರಲ್ಲಿ ಪ್ರಕಟಿಸಿತು. ಇದರ ನಿರ್ವಾಹಕರಲ್ಲಿ ತಮ್ಮ ಅನುಭವವನ್ನು ಪರಸ್ಪರ ಹಂಚಿಕೊಳ್ಳುವ ರೂಢಿ ಮೊದಲಿನಿಂದಲೂ ಇದೆ. 2001ರಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' ಸಮಾವೇಶ ಇಂತಹ ಒಂದು ವೇದಿಕೆಯಾಗಿತ್ತು. 2005ರಿಂದ ಅದು 'ಫಾಸ್ ಡಾಟ್ ಇನ್' ಹೆಸರಿನಲ್ಲಿ ನಡೆಯಿತು.

3. ಅಡಚಣೆಯ ಸಾಮಾನ್ಯ ಕಾರಣಗಳು

ಅ) ಡಿಸ್ಕ್ ಭರ್ತಿಯಾಗುವುದು. ಸರ್ವರ್ ತನ್ನ ಪ್ರತಿಯೊಂದು ಕೆಲಸವನ್ನೂ ದಾಖಲೆ ಕಡತದಲ್ಲಿ (ಲಾಗ್) ಬರೆಯುತ್ತದೆ. ಹಳೆಯ ಲಾಗ್‌ಗಳನ್ನು ತೆರವುಗೊಳಿಸದಿದ್ದಲ್ಲಿ ಹೊಸ ಅರ್ಜಿ ಉಳಿಸಲು ಸ್ಥಳವಿರುವುದಿಲ್ಲ.
ಆ) ಸ್ಮರಣೆಯ ಕೊರತೆ. ಕೊನೆಯ ದಿನಾಂಕದಂದು ಸಾವಿರಾರು ಜನ ಒಮ್ಮೆಲೇ ಅರ್ಜಿ ಸಲ್ಲಿಸಿದಾಗ ಸ್ಮರಣೆ ಸಾಲದಾಗುತ್ತದೆ. ಆಗ ಲಿನಕ್ಸ್ ಇಡೀ ಯಂತ್ರವನ್ನು ಉಳಿಸಲು ಯಾವುದಾದರೊಂದು ಕಾರ್ಯಕ್ರಮವನ್ನು ತಾನಾಗಿಯೇ ನಿಲ್ಲಿಸುತ್ತದೆ.
ಇ) ಭದ್ರತಾ ಪ್ರಮಾಣ ಪತ್ರದ ಅವಧಿ ಮುಗಿಯುವುದು. ಸರ್ವರ್ ಚಾಲನೆಯಲ್ಲಿದ್ದರೂ ಪುಟ ತೆರೆಯುವಾಗ ಎಚ್ಚರಿಕೆ ಸಂದೇಶ ಬರುತ್ತದೆ.
ಈ) ಜಾಲ ಸಂಪರ್ಕ ಕಡಿತ. ರಸ್ತೆ ಕಾಮಗಾರಿ ವೇಳೆ ಕೇಬಲ್ ತುಂಡಾದಲ್ಲಿ ಸರ್ವರ್ ಸರಿಯಿದ್ದರೂ ಕಚೇರಿಗೆ ಅದು ತಲುಪುವುದಿಲ್ಲ.

4. ದೋಷ ಪತ್ತೆ ಮತ್ತು ಸಲಹೆ ಪಡೆಯುವ ಕ್ರಮ

ಅನುಭವಿ ನಿರ್ವಾಹಕರು ಕೂಡಲೇ ಯಂತ್ರವನ್ನು ಮರುಚಾಲನೆ ಮಾಡುವುದಿಲ್ಲ. ಮರುಚಾಲನೆಯಿಂದ ದೋಷದ ಕುರುಹು ಅಳಿಸಿಹೋಗಿ, ಅದೇ ದೋಷ ಮತ್ತೆ ಮರುಕಳಿಸಬಹುದು. ಮೊದಲು ಲಾಗ್ ಓದಿ, ಡಿಸ್ಕ್ ಮತ್ತು ಸ್ಮರಣೆಯನ್ನು ಪರಿಶೀಲಿಸಿ, ಇತ್ತೀಚೆಗೆ ಏನು ಬದಲಾಯಿಸಲಾಗಿದೆ ಎಂದು ನೋಡುತ್ತಾರೆ. ಇತರರ ಸಲಹೆ ಕೇಳುವಾಗ ದೋಷ ಸಂದೇಶವನ್ನು ಇದ್ದಂತೆಯೇ ನಮೂದಿಸಿ, ಕಂಡುಬಂದ ಸಮಯ ಹಾಗೂ ಈಗಾಗಲೇ ಕೈಗೊಂಡ ಕ್ರಮಗಳನ್ನು ತಿಳಿಸುತ್ತಾರೆ. ಗುಪ್ತಪದ, ನಾಗರಿಕರ ಆಧಾರ್ ಸಂಖ್ಯೆ ಮುಂತಾದವನ್ನು ಹೊರಗೆಡವತಕ್ಕದ್ದಲ್ಲ. ಪರಿಹಾರ ದೊರೆತ ನಂತರ ಅದನ್ನು ಬರೆದಿಡುವುದರಿಂದ ಮುಂದೆ ಇದೇ ತೊಂದರೆ ಎದುರಿಸುವವರಿಗೆ ನೆರವಾಗುತ್ತದೆ.

5. ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

ನಿರ್ವಾಹಕರಿಗೆ ಬೇಕಾಗುವ ವಿವರಗಳೇ ಅರ್ಜಿದಾರರಿಗೂ ಆಧಾರವಾಗುತ್ತವೆ. ಆದ್ದರಿಂದ 'ಸರ್ವರ್ ಇಲ್ಲ' ಎಂಬ ಉತ್ತರದೊಂದಿಗೆ ಹಿಂದಿರುಗದೆ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

* ದಿನಾಂಕ, ವೇಳೆ ಮತ್ತು ಪರದೆಯ ಮೇಲಿನ ಸಂದೇಶವನ್ನು ಬರೆದುಕೊಳ್ಳಿ. ಸಾಧ್ಯವಿದ್ದಲ್ಲಿ ಪರದೆಯ ಚಿತ್ರ ತೆಗೆದುಕೊಳ್ಳಿ.
* ಅಡಚಣೆ ಆ ಕಚೇರಿಗೆ ಮಾತ್ರ ಸೀಮಿತವೇ ಎಂದು ವಿಚಾರಿಸಿ. ಧರ್ಮಪುರದ ನಾಡಕಚೇರಿಯಲ್ಲಿ ಮಾತ್ರ ತೊಂದರೆಯಿದ್ದು ಹಿರಿಯೂರಿನಲ್ಲಿ ಕೆಲಸ ನಡೆಯುತ್ತಿದ್ದರೆ ಅದು ಬಹುಶಃ ಸ್ಥಳೀಯ ಸಂಪರ್ಕದ ದೋಷ. ಎಲ್ಲೆಡೆಯೂ ಸ್ಥಗಿತಗೊಂಡಿದ್ದರೆ ಚಿತ್ರದುರ್ಗದವರೆಗೆ ಪ್ರಯಾಣಿಸಿದರೂ ಪ್ರಯೋಜನವಾಗದು.
* ಶುಲ್ಕ ಕಡಿತವಾಗಿ ರಸೀದಿ ಬಾರದಿದ್ದಲ್ಲಿ ತಕ್ಷಣ ಮತ್ತೊಮ್ಮೆ ಪಾವತಿಸಬೇಡಿ. ಬ್ಯಾಂಕಿನ ವಹಿವಾಟು ಸಂಖ್ಯೆಯನ್ನು ಕಾಯ್ದಿರಿಸಿ, ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿ.
* ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ಲಿಖಿತ ಮನವಿಯನ್ನು ಕಚೇರಿಗೆ ನೀಡಿ, ಅದರ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಪಡೆದುಕೊಳ್ಳಿ.

6. ಸಕಾಲ ಮತ್ತು ಸ್ವೀಕೃತಿ ಸಂಖ್ಯೆ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಮೇರೆಗೆ ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಅರ್ಜಿದಾರರು ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚಕ್ಕೂ ಅವಕಾಶವಿದೆ. ಇದಕ್ಕೆ ಅರ್ಜಿ ಸ್ವೀಕರಿಸಿದಾಗ ನೀಡುವ 15 ಅಂಕಿಗಳ ಸಂಖ್ಯೆ ಆಧಾರವಾಗಿರುತ್ತದೆ. ಸರ್ವರ್ ಸ್ಥಗಿತಗೊಂಡಿದ್ದಾಗ ಈ ಸಂಖ್ಯೆ ಸೃಷ್ಟಿಯಾಗುವುದಿಲ್ಲ. ಅರ್ಜಿ ದಾಖಲಾಗದೆ ಅವಧಿಯ ಎಣಿಕೆಯೂ ಆರಂಭವಾಗುವುದಿಲ್ಲ. ಆದಕಾರಣ ಸೇವೆ ಪುನರಾರಂಭವಾದ ಕೂಡಲೇ ಅರ್ಜಿಯನ್ನು ದಾಖಲಿಸಿ ಸ್ವೀಕೃತಿ ಪತ್ರವನ್ನು ತಪ್ಪದೇ ಪಡೆಯತಕ್ಕದ್ದು. ಅಲ್ಲಿಯವರೆಗೆ ಮೊಹರು ಸಹಿತ ಮನವಿಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.